ಎರಡನೇ ಪ್ಲಾಟ್‌ಫಾರಂ

ಐವತ್ತೆರಡು ಮೆಟ್ಟಲ ಏರೂದು,
ಐವತ್ತೊಂದು ಇಳಿಯೂದು.
ಒಂದು ಎಲ್ಲಿ ಹೋತು ಅಂತ ರೈಲ್ವೆದವರಿಗೆ ಕೇಳಬ್ಯಾಡ್ರಿ,
ಅವರು ಎಣಿಸಿಲ್ಲ.
ನಾ ಎಣಿಸೀನಿ, ಕುಂಡಿ ಮ್ಯಾಲ ಕುಂತು, ಒಂದೊಂದೇ,
ಬ್ಯಾಸಗಿದಾಗ ಎರಡೂ ಕೈಗೆ ಚಪ್ಪಲಿ ಹಾಕ್ಕೊಂಡು.
ರಾಯಚೂರಿನ ಬಿಸಿಲು ಮೊದಲು ಕಬ್ಬಿಣಕ್ಕ ಗೊತ್ತಾಗ್ತದ,
ಆಮ್ಯಾಲ ಅಂಗೈಗೆ.

ಹೊತ್ತಾದ ದಿನ ತಾಯಪ್ಪ.
ಕೆಂಪಂಗಿ, ತೋಳಿಗೆ ಹಿತ್ತಾಳಿ ಬಿಲ್ಲೆ.
"ಹತ್ರಿ ಅಕ್ಕಾರ" ಅಂತ ಕುಕ್ಕರಗಾಲಿಲೆ ಕೂಡ್ತಿದ್ದ.
ಮೂಟಿಗೆ ನಲವತ್ತು, ನನಗೂ ನಲವತ್ತು;
ಹೆಚ್ಚು ಕೊಟ್ಟರ ತಗೋತಿದ್ದಿಲ್ಲ,
ಕಮ್ಮಿ ಕೊಟ್ಟರ ಬಿಡ್ತಿದ್ದಿಲ್ಲ.
ಹದಿಮೂರು ವರ್ಷ ಅವನ ಹೆಡಕು ನೋಡೀನಿ.
ಬಲಗಿವಿ ಹಿಂದ ಒಂದು ಮಚ್ಚಿ,
ಅದರ ಸುತ್ತ ಕೂದಲ ಬೆಳ್ಳಗಾದದ್ದು
ಅವನ ಹೆಂಡತಿಗಿಂತ ಮೊದಲು ನನಗ ಗೊತ್ತು.
ಬೀಡಿ ವಾಸನಿ, ಬೆವರು, ಒಂದೀಟು ಕೊಬ್ಬರಿ ಎಣ್ಣಿ.
ಯಾರಿಗೂ ಹೇಳಿಲ್ಲ:
ಆ ಬೆನ್ನ ಮ್ಯಾಲ ನಾ ಉಸಿರು ಬಿಗಿ ಹಿಡೀತಿದ್ದೆ,
ಭಾರ ಕಮ್ಮಿ ಆಗಲಿ ಅಂತ.

ಆಮ್ಯಾಲ ತಗಡು ಬಂತು.
ನೀಲಿ ತಗಡಿನ ಹಿಂದ ಎರಡು ವರ್ಷ
ಕಲ್ಲು ಕೊರಿಯೂ ಸಪ್ಪಳ, ಚಾದಾಗ ಧೂಳು.
ಬೋರ್ಡಿನ ಮ್ಯಾಲಿನ ತಾರೀಖಿಗೆ
ಮೂರು ಸಲ ಸುಣ್ಣ ಬಳದು ಹೊಸದು ಬರದರು.
ಸಿಂಧನೂರಿನ ಮೇಸ್ತ್ರಿ ಯಂಕೋಬ ಪ್ರತಿ ಸೋಮವಾರ
"ಬರೂ ಸೋಮವಾರ" ಅಂದ.

ಬಂತು. ಗಾಜಿನ ಡಬ್ಬಿ, ಸ್ಟೀಲಿನ ಬಾಗಲಾ.
ಮೂರನೇ ದಿನಕ್ಕ ಅದಕ್ಕ ಕೀಲಿ ಬಿತ್ತು.
ಕೀಲಿ ಕೈ ಯಾರ ಹತ್ರ? ಮಾಸ್ತರ ಹತ್ರ.
ಮಾಸ್ತರ ಎಲ್ಲಿ? ಊಟಕ್ಕ.
ಶಕ್ತಿನಗರದಾಗ ಕಲ್ಲಿದ್ದಲು ಸುಟ್ಟು
ಎಲ್ಲೆಲ್ಲೋ ದೀಪ ಹಚ್ತೀವಿ, ಬೂದಿ ನಮ್ಮ ಮಾಳಗಿ ಮ್ಯಾಲ;
ಕರೆಂಟ್ ಹೋತಂದ್ರ ಲಿಫ್ಟೂ
ನನ್ನಂಗ ಕುಂತಬಿಡ್ತದ.

ಅರ್ಜಿ ಬರಿಯೂದು ನನ್ನ ಕಸಬು.
ಯಾದಗಿರಿ ಕೋರ್ಟಿನ ಮುಂದ, ಬೇವಿನ ಗಿಡದ ಕೆಳಗ
ಮಂದಿಯ ಹೊಲ, ಮಂದಿಯ ಸೋಡಚೀಟಿ, ಮಂದಿಯ ಜಾಮೀನು
ಟೈಪ್ ಮಿಷನ್ನಿನ್ಯಾಗ ಕುಟ್ಟೀನಿ.
"ಕೆಳಗೆ ಸಹಿ ಮಾಡಿದ ಹಂಪಮ್ಮ ಆದ ನಾನು"
ನನ್ನ ಹೆಸರಿಲೆ ಇದೇ ಮೊದಲನೇದು.
"ಆದ ನಾನು" ಕಡೆ ಬೆರಳು ಒಂದೀಟು ನಿಂತವು.
ಏಳು ಪ್ರತಿ ಕಳಿಸಿದೆ. ಕೀಲಿ ತಗದರು.

ಮನ್ಯಾಗ ಒಂದು ಗಾಲಿ ಕುರ್ಚಿ ಇತ್ತು, ಸರಕಾರದ್ದು,
ಎಂಟು ವರ್ಷ ಅದರ ಮ್ಯಾಲ ಅರಬಿ ಒಣಹಾಕೀವಿ.
ಅದಕ್ಕ ಗಾಳಿ ತುಂಬಿಸಿಕೊಂಡು ಹೋದೆ.
ನನ್ನ ಜೋಡಿ ಹತ್ತಿದ ಮಾನ್ವಿ ಮುದುಕಿ
ಚಪ್ಪಲಿ ಹೊರಗ ಬಿಟ್ಟಳು, ಗುಡಿಗೆ ಬಿಟ್ಟಂಗ.
ಮ್ಯಾಲ ಹೋದ ಮ್ಯಾಲ ಬರಿಗಾಲಿಗೆ ನೆನಪಾತು.
ತಾಯಪ್ಪ ಮೆಟ್ಟಲ ಇಳಿದು ತರಾಕ ಹೋದ,
ಲಿಫ್ಟಿನ್ಯಾಗ ಹೊಳ್ಳಿ ಬಂದ.

ಬಾಗಲಾ ತಗೀತು. ಅವನ ಮಾರಿ.
ನೋಡಿದ್ದಿಲ್ಲ ಅಂತಲ್ಲ,
ರೊಕ್ಕ ಕೊಡೂ ಮುಂದ ನೋಡೀನಿ, ರೊಕ್ಕದಷ್ಟು.
"ನಲವತ್ತು ಹೋತಲ್ಲೋ" ಅಂದೆ.
"ಮಣಕಾಲು ಉಳೀತಲ್ರಿ" ಅಂದ.
ಅರ್ಧ ಸುಳ್ಳು. ಮುದುಕಿಯ ಚಪ್ಪಲಿ
ಇನ್ನೂ ಅವನ ಕೈಯಾಗ ಇದ್ದವು.

ಸೇತುವಿ ನಡುವ ಗಾಲಿ ನಿಲ್ಲಿಸಿದೆ.
ಇಲ್ಲಿಂದ ಹಿಂಗ ಕಾಣ್ತದೇನು?
ಗುಡ್ಡದ ಕಲ್ಲು, ಅದಕ್ಕ ಅಂಟಿಕೊಂಡ ಕ್ವಾಟಿ ಗ್ವಾಡಿ,
ಅಕ್ಕಿ ಗಿರಣಿ ಹೊಗಿ,
ಕೃಷ್ಣಾ ಹೊಳಿ ಕಡೆ ಓಡೂ ಹಳಿ, ಬಿಸಿಲಿಗೆ ಅವೂ ನೀರಂಗ.
ಕೆಳಗ ನನ್ನ ಗಾಡಿ ಬಂತು, ನಿಂತಿತು, ಕೂಗಿತು.
ತಾಯಪ್ಪ ಒದರಿದ.
ಕೈ ಗಾಲಿ ಮ್ಯಾಲೇ ಇತ್ತು,
ತಿರುವಲಿಲ್ಲ.

ಮುಂದಿನದು ಒಂದೂವರಿಗೆ.
ಇಪ್ಪತ್ತು ನಿಮಿಷ ಲೇಟಂತ.