ಗೇಜು ಓದುವವನ ಭಾನುವಾರ

ಸಾಹೇಬರ ಖೋಲಿಯಾಗ ಒಂದು ಕ್ಯಾಲೆಂಡರ್ ಐತಿ,
ಪಂಪ್‌ಸೆಟ್ ಕಂಪನಿದು, ಹನ್ನೊಂದು ವರ್ಷ ಹಳೇದು.
ಜನವರಿ ದಾಟಿ ಯಾರೂ ಹಾಳಿ ತಿರುವಿಲ್ಲ.
ಚಿತ್ರದಾಗ ಒಂದು ಕೆಂಪು ಮರ,
ಬುಡದಾಗ ಹೆಬ್ಬಾಗಿಲದಷ್ಟು ಕಿಂಡಿ,
ಕಿಂಡಿಯೊಳಗಿಂದ ಒಂದು ಕಾರು ಹೊಂಟೈತಿ.
ಹಿಂದ ಸಮುದ್ರ, ಮಂಜು, ಉಸುಕು.
ಊರಿನ ಹೆಸರಿನ ಮ್ಯಾಲೆ
ಯಾರೋ ಸೊಳ್ಳಿ ಹೊಡದ ಕಲೆ.

ಮಗಳು ಮನಿಯಾಗ ಗಾಳೆಮ್ಮ, ಹಾಜರಿಯಾಗ ಶ್ರಾವಣಿ.
ಬುತ್ತಿ ಕೊಡಾಕ ಬಂದಾಕಿ ನೋಡಿಕೋತ ನಿಂತ್ಲು.
"ಅಪ್ಪಾ, ಇಂಥಾದ್ದು ನಮ್ಮಲ್ಲೆ ಎಲ್ಲೈತಿ?"
ಇಲ್ಲ ಅನ್ನಾಕ ನಾಲಿಗಿ ಏಳಲಿಲ್ಲ.
ಮುನಿರಾಬಾದಿನ್ಯಾಗ ಇಲ್ಲದ್ದು ಏನೈತಿ,
ಭಾನುವಾರ ಬಾ, ತೋರಸ್ತೀನಿ ಅಂದೆ.

ಮೊದಲು ಅಣೆಕಟ್ಟಿನ ಕೆಳಗಿನ ತೋಟ.
ಗುರುತಿನವ ಅಂತ ಟಿಕೀಟು ಹರೀಲಿಲ್ಲ.
ಕಾರಂಜಿ ಬಂದ್. ಸಿಮೆಂಟಿನ ಜಿಂಕಿಗೆ ಒಂದೇ ಕೋಡು.
ಮೂಲ್ಯಾಗ ಒಂದು ಮಳಿಮರ, ನನ್ನ ಅಪ್ಪನ ವಾರಿಗೀದು.
ಆಕಿ ತಬ್ಬಿದ್ಲು, ಸಾಲಲಿಲ್ಲ.
ನಾ ಕೈ ಕೂಡಿಸಿದೆ, ಸಾಲಲಿಲ್ಲ.
ಐಸ್‌ಕ್ಯಾಂಡಿ ಮಾರೋ ಲಾಲ್‌ಸಾಬ ಸೈಕಲ್ ಸ್ಟ್ಯಾಂಡ್ ಹಾಕಿ ಬಂದ,
ಅವನ ಕೈ ತಣ್ಣಗ, ಕೇಸರಿ ಬಣ್ಣ ಹತ್ತಿತ್ತು.
ಮೂರು ಮಂದಿಗೆ ಸುತ್ತು ಮುಗೀತು.
"ಇದರಾಗ ಕಾರು ಹೋಗಂಗಿಲ್ಲಲ್ಲ" ಅಂದ್ಲು.
ಲಾಲ್‌ಸಾಬ ಬಗ್ಗಿ ಬೇರಿನ ಸಂದಿ ತೋರಿಸಿದ:
"ಇಲ್ಲೆ ನೋಡವ್ವ, ಸಾಲುಗಟ್ಟಿ ಹೊಂಟಾವ,
ಒಂದೂ ಹಾರ್ನ್ ಹೊಡಿಯಂಗಿಲ್ಲ."

ಆಮ್ಯಾಲೆ ಸಮುದ್ರ.

ನಮ್ಮ ದಡಕ್ಕ ಖಾಯಂ ಜಾಗ ಇಲ್ರಿ.
ಅದರ ವಿಳಾಸ ಅಂದ್ರ ಒಂದು ಅಂಕಿ,
ದಿನಾ ಮುಂಜಾನೆ ಆರಕ್ಕ ನಾ ಬರಿಯೋದು.
ಸಾವಿರದ ಆರುನೂರಾ ಮೂವತ್ಮೂರು ಅಂದ್ರ
ಡಾಂಬರಿನ ಅಂಚಿಗೆ ತೆರಿ ಬಂದು ಕಾಲು ನೆಕ್ಕತಾವ.
ಆವತ್ತು ಐನೂರಾ ಎಂಬತ್ತೇಳು.
ನಡಿಬೇಕು.
ಸೀಳಿದ ಎರಿ ಮಣ್ಣು, ಕುರಿ ಹಿಂಡು,
ಹೋದ ತಿಂಗಳು ಮೀನು ಈಜಿದ ಜಾಗದಾಗ
ಯಾರೋ ಹಾಕಿದ ಸೌತಿ ಬಳ್ಳಿ,
ಲಂಗರಿಲ್ಲದ ತೆಪ್ಪ, ಅದರ ನೆರಳಾಗ ನಾಯಿ.
"ಇನ್ನೂ ಎಷ್ಟು ದೂರ?"
ಮೂರು ಅಡಿ ಐತಿ ಅಂದೆ. ನನ್ನ ಲೆಕ್ಕ ನನಗ.

ನೀರು ಬಂತು.
ಪಡುವಣ ಗಾಳಿ, ಗೇಣುದ್ದದ ತೆರಿ,
ಕೆಸರಾಗ ಕಪ್ಪೆಚಿಪ್ಪು. ಫ್ರಾಕಿನ ಉಡಿ ತುಂಬ ಆರಿಸಿದ್ಲು.
ಬೊಗಸಿಯಾಗ ತಗೊಂಡು ನೆಕ್ಕಿ ನೋಡಿದ್ಲು.
"ಉಪ್ಪು ಹಾಕೋದು ಮರತಾರ."
ನಕ್ಕೆ. ನಗಬಾರದಿತ್ತೇನೋ,
ಆಕಿ ಆ ನೀರನ್ನ ಚೆಲ್ಲದ ಕುಡದಬಿಟ್ಲು,
ತಾಟಿನ್ಯಾಗ ಬಿಟ್ಟರ ಅವ್ವ ಬೈತಾಳಲ್ಲ, ಹಂಗ.

ಆಚಿಗೆ ಸಂಡೂರ ಗುಡ್ಡ
ಸಂಜಿ ಬಿಸಲಾಗ ಕೆಂಪಗ ಕುಂತಿತ್ತು.
ಭಾಳ ಹೊತ್ತು ಅದನ್ನ ನೋಡಿದ್ಲು, ಏನೂ ಅನಲಿಲ್ಲ.

ಮರುದಿನ ಗೇಜು ಓದಿದೆ, ಒಂದು ಗೆರಿ ಇಳದಿತ್ತು.
ಕಾಲುವಿಗೆ ಬಿಟ್ಟಾರ, ನನಗ ಗೊತ್ತು,
ಆದ್ರ ಷರಾ ಕಾಲಂ ಮುಂದ ಪೆನ್ನು ನಿಂತುಬಿಡ್ತು.
ಮೂವತ್ತು ವರ್ಷದಾಗ ಹಂಗ ನಿಂತದ್ದು ಅದೇ ಮೊದಲು.

ವಾರದ ಮ್ಯಾಲೆ ಚಿತ್ರ ಬರದು ತಂದ್ಲು:
ಒಂದು ಮರ, ಬುಡದಾಗ ಇರುವಿಯಷ್ಟು ಕಿಂಡಿ.
ಸಮುದ್ರ. ಸಮುದ್ರದಾಚೆ ಗುಡ್ಡ,
ಗುಡ್ಡದ ಕೆಳಗ ಮನಿ, ಮನಿಯಾಗ ಲೈಟು.
ಗುಡ್ಡದ ಮ್ಯಾಲೆ ಟೀಚರ್ ಕೆಂಪು ಗೀಟು ಹೊಡದಿದ್ರು:
ಸಮುದ್ರಕ್ಕೆ ಆಚೆ ದಡ ಕಾಣುವುದಿಲ್ಲ.

ಇರಬಹುದ್ರಿ. ಅವರು ಕಂಡಿರಬಹುದು.
ಚಿತ್ರ ಒಯ್ದು ಕ್ಯಾಲೆಂಡರಿನ ಮಗ್ಗಲಕ್ಕ ಅಂಟಿಸಿದೆ.
ಸಾಹೇಬರು ಕನ್ನಡಕ ಏರಿಸಿ ನೋಡಿ,
"ಎಷ್ಟನೇ ಲೆವೆಲ್‌ನ್ಯಾಗ ಬರದಾಳ ಇದನ್ನ, ಹುಲಿಗೆಪ್ಪ?" ಅಂದ್ರು.
ಐನೂರಾ ಎಂಬತ್ತೇಳು ಸರ್, ಅಂದೆ.
ನಿನ್ನೆ ಐನೂರಾ ಎಂಬತ್ತಾರೂವರಿ.
ಇವತ್ತು ಇನ್ನೂ ಹೋಗಿ ನೋಡಬೇಕು.