ಇನಾಸನ ಕಾರು, ಹನ್ನೊಂದು ದಿನ

ನನ್ನ ಕಾರು ಹುಬ್ಬಳ್ಳಿಯಲ್ಲಿದೆ,
ಹೊಟ್ಟೆ ತೆರೆದುಕೊಂಡು, ಪುಣೆಯಿಂದ ಬರಬೇಕಾದ
ಅಂಗೈಯಗಲದ ಒಂದು ಪಂಪಿಗಾಗಿ ಕಾಯುತ್ತ.
ಇಲ್ಲಿ ಕುಮಟೆಯಲ್ಲಿ ಇನಾಸ
ತನ್ನ ಹಳೇ ಕಾರಿನ ಕೀಲಿ ಕೈಗಿಟ್ಟು,
"ಕ್ಲಚ್ಚು ಸ್ವಲ್ಪ ಸಿಟ್ಟಿನದು ಮಾರಾಯಾ,
ಬೈದರೆ ಕೇಳುವುದಿಲ್ಲ, ಮಾತಾಡಿಸಬೇಕು" ಅಂದ.
ದೋಣಿಯ ಇಂಜಿನುಗಳ ಜೊತೆ
ಮೂವತ್ತು ವರ್ಷ ಮಾತಾಡಿದವನು.

ಮೊದಲ ದಿನ ಗಿಬ್ ಸರ್ಕಲ್ಲಿನಲ್ಲೇ
ಮೂರು ಸಲ ಬಂದ್ ಬಿತ್ತು.
ಎಡಗಾಲು ನಾಲ್ಕು ವರ್ಷದಿಂದ ಪಿಂಚಣಿಯಲ್ಲಿತ್ತು,
ಕರೆದರೆ ಎದ್ದು ಬರಲು ತಡ ಮಾಡಿತು.
ಹಿಂದೆ ಐಸು ಸೋರುವ ಟೆಂಪೊ, ಅದರ ಹಿಂದೆ ಬಸ್ಸು.
ಬುಟ್ಟಿ ಹೊತ್ತ ಲೀಲಾ ಹರಿಕಂತ್ರ ಕಿಟಕಿಗೆ ಬಗ್ಗಿ,
"ಎಂತ ಡಾಕ್ಟ್ರೇ, ಕರೆಂಟು ಹೋಯ್ತಾ?"
ಕನ್ನಡಕ ಮಾರುವವನನ್ನೂ ಈ ಊರು ಡಾಕ್ಟರೆನ್ನುತ್ತದೆ.
ತಿದ್ದುವುದನ್ನು ಬಿಟ್ಟಿದ್ದೇನೆ.

ಬಂಕಿನ ಹುಡುಗ "ಜೀರೋ ನೋಡಿ ಸರ್" ಅಂದ.
ನೋಡುವ ಮುಂಚೆಯೇ ಜೀರೋ ಓಡಿಹೋಗಿತ್ತು.
ಸಾವಿರ ರೂಪಾಯಿಗೆ ಒಂದು ವಾಸನೆಯೂ ಸಿಕ್ಕಿತು:
ಬೆರಳಿಗೆ, ಅಂಗಿಯ ತೋಳಿಗೆ,
ರಾತ್ರಿ ಅನ್ನದ ತುತ್ತಿಗೂ.
ಹೇಸಬೇಕಿತ್ತು. ಹಿತವೆನಿಸಿತು.
ನಾಲ್ಕು ವರ್ಷ ಕಂಡವರ ಮದುವೆಯ ಪಂಕ್ತಿಗಳಲ್ಲಿ ಕೂತು,
ಹೋಳಿಗೆ ಆರುವವರೆಗೂ
ಹೊಗೆಯ ವಿರುದ್ಧ ಭಾಷಣ ಬಿಗಿದವನು ನಾನು.
ಯಾರಿಗೂ ಹೇಳಿಲ್ಲ.

ಮಂಗಳವಾರ ಶಿರಸಿಯ ಅಂಗಡಿ.
ನನ್ನ ಕಾರಿನಲ್ಲಿ ದೇವಿಮನೆ ಘಟ್ಟವೆಂದರೆ ಲೆಕ್ಕ:
ಕತಗಾಲದಲ್ಲಿ ಎಪ್ಪತ್ತೆಂಟು, ನೆತ್ತಿಯಲ್ಲಿ ಅರವತ್ತೊಂದು,
ಎಸಿ ಆರಿಸಿ, ಬೆವರುವ ಮುಕ್ತಾಳ ಮುಖ ನೋಡದೆ
ಒಂದೊಂದೇ ಅಂಕಿ ಉಳಿಸಿಕೊಂಡು ಹತ್ತುವುದು.
ಇನಾಸನ ಕಾರಿಗೆ ಲೆಕ್ಕ ಬಾರದು.
ಒಂದು ಮುಳ್ಳಿದೆ, ತಿರುವು ಬಂದಾಗೆಲ್ಲ ತಾನೂ ವಾಲುತ್ತದೆ.
ಎಡಕ್ಕೆ ಹೊರಳಿದರೆ ನಾನು ಬಡವ,
ಬಲಕ್ಕೆ ಹೊರಳಿದರೆ ಸಾಹುಕಾರ.
ನೆತ್ತಿ ತಲುಪುವಷ್ಟರಲ್ಲಿ
ಎರಡೂ ರೂಢಿಯಾಗಿತ್ತು.

ಸಂಜೆ ಇಳಿಯುವಾಗ ಮಾತ್ರ ಎದೆ ಚುರುಕ್ಕೆಂದಿತು.
ನನ್ನ ಕಾರು ಇಳಿಜಾರಿನಲ್ಲಿ ದುಡಿಯುತ್ತದೆ.
ಕಾಲೆತ್ತಿದರೆ ಸಾಕು, ತಾನೇ ತಡೆದುಕೊಂಡು,
ತಡೆದದ್ದನ್ನೇ ಕೂಡಿಟ್ಟು,
ಕೆಳಗೆ ಬರುವಷ್ಟರಲ್ಲಿ ಆರೋ ಏಳೋ ವಾಪಸು ಕೊಡುತ್ತದೆ.
ಹತ್ತಿದ್ದರಲ್ಲಿ ಒಂದು ಪಾಲು ಮರಳಿ ಬರುತ್ತದೆಂದು
ನಂಬಿಕೊಂಡೇ ಇದ್ದೆ ಇಷ್ಟು ದಿನ,
ಕಾರಿನ ವಿಷಯದಲ್ಲಿ ಮಾತ್ರವಲ್ಲ.

ಕಾಲೆತ್ತಿದೆ.
ಕಾರು ಕೇಳಲಿಲ್ಲ. ಓಡಿತು.
ಬ್ರೇಕು ತುಳಿದೆ, ಎರಡನೇ ಗೇರಿಗೆ ಗದರಿಸಿದೆ,
ಗದರಬಾರದೆಂದು ನೆನಪಾಗಿ ರಮಿಸಿದೆ.
ಒಂದು ತಿರುವಿನ ಕಟ್ಟೆಯ ಹತ್ತಿರ ನಿಲ್ಲಿಸಿ
ಗಾಲಿಯ ಬಳಿ ಕೈ ಹಿಡಿದರೆ, ಕಾದ ಕಾವಲಿ.
ಅಷ್ಟೆತ್ತರದಿಂದ ತಂದದ್ದೆಲ್ಲ
ಹೀಗೆ ಬಿಸಿಯಾಗಿ ಗಾಳಿಗೆ ಹೋಗುತ್ತಿತ್ತು.
ಕಟ್ಟೆಯ ಮೇಲಿನ ಮಂಗ ನನ್ನನ್ನೇ ನೋಡುತ್ತಿತ್ತು,
ಅದೂ ಏನನ್ನೂ ವಾಪಸು ಕೊಡುವ ಹಾಗೆ ಕಾಣಲಿಲ್ಲ.
ಆರಲಿ ಎಂದು ಕೂತೆವು, ಇಬ್ಬರೂ.

ಮನೆ ಮುಟ್ಟಿದರೆ ಬಾಗಿಲು ತೆರೆದೇ ಇತ್ತು.
"ಗಲ್ಲಿಯ ತಿರುವಿನಲ್ಲೇ ಗೊತ್ತಾಯ್ತು,
ಸಾರು ಬಿಸಿಗಿಟ್ಟೆ" ಅಂದಳು ಮುಕ್ತಾ.
"ಆ ಕಾರಿನಲ್ಲಿ ನೀವು ಬೆಕ್ಕಿನ ಹಾಗೆ ಬರುತ್ತಿದ್ದಿರಿ.
ಎಷ್ಟೋ ಸಲ ಬೆಚ್ಚಿದ್ದೇನೆ.
ಹೇಳಿರಲಿಲ್ಲ."

ಹನ್ನೊಂದನೇ ದಿನ ಪಂಪು ಬಂತು.
ಟ್ಯಾಂಕು ತುಂಬಿಸಿ ಕೀಲಿ ಮರಳಿಸಿದರೆ ಇನಾಸ ಮುನಿದ:
"ಇಷ್ಟು ಪೆಟ್ರೋಲು ಕಂಡರೆ ಅದಕ್ಕೆ ಸೊಕ್ಕು ಬರುತ್ತದೆ."

ಈಗ ಮತ್ತೆ ನನ್ನ ಕಾರು. ಮತ್ತೆ ಅಂಕಿಗಳು.
ಸರ್ಕಲ್ಲಿನಲ್ಲಿ ಎಡಗಾಲು
ಬರೀ ನೆಲವನ್ನು ಒತ್ತಿ ನಾಚಿಕೊಳ್ಳುತ್ತದೆ.
ರಾತ್ರಿ ಗಲ್ಲಿಯ ತಿರುವಿನಲ್ಲಿ ಒಂದು ಸಲ
ಹಾರ್ನು ಒತ್ತುತ್ತೇನೆ,
ಎದುರು ಯಾರೂ ಇಲ್ಲದಿದ್ದರೂ.