ಕಿತ್ತಳೆ ಮುಚ್ಚಳ ನಮ್ಮಲ್ಲಿಲ್ಲ

ಎಸ್.ಪಿ. ರೋಡಿನ ಎರಡನೇ ಮಹಡಿಯ ಅಂಗಡಿಯಲ್ಲಿ
ಹಳೇ ಆಟದ ಪೆಟ್ಟಿಗೆ, ಒಂದು ಉದ್ದ ವೈರು,
ಮೂಲೆ ಕಿತ್ತುಹೋದ ಗಿಟಾರು,
ಮೂರಕ್ಕೂ ಸೇರಿಸಿ ಚೌಕಾಸಿ ಮಾಡಿ ತಂದೆ.
ಮಗನಿಗಾ ಮೇಡಂ, ಅಂದ ಅಂಗಡಿಯವನು.
ಹೌದಪ್ಪ ಅಂದೆ. ಸುಳ್ಳು.

ಹಿಂದಿನ ಒಡೆಯನ ಹೆಸರು ಅದರೊಳಗೇ ಉಳಿದಿದೆ.
ರಾತ್ರಿ ಒಂಬತ್ತೂವರೆಗೆ ಪಾತ್ರೆ ತೊಳೆದು ಕೂತರೆ
‘ಮತ್ತೆ ಬಂದೆಯಾ, ಜೋಶುವಾ’ ಎನ್ನುತ್ತದೆ ಪರದೆ.
ಬಂದೆನಪ್ಪ.
ಹಗಲೆಲ್ಲ ಸಿಸ್ಟರ್ ಅನ್ನಿಸಿಕೊಂಡವಳಿಗೆ
ರಾತ್ರಿ ಜೋಶುವಾ ಆಗುವುದು ಅಷ್ಟೇನೂ ಕಷ್ಟವಲ್ಲ.

ದೂರದಿಂದ ಒಂದು ರಸ್ತೆ ನನ್ನ ಕಡೆಗೇ ಉರುಳಿ ಬರುತ್ತದೆ,
ಅದರ ತುಂಬ ಬಣ್ಣಬಣ್ಣದ ಚೌಕಗಳು.
ಸಂಜೆ ಆರಕ್ಕೆ ಗೊರಗುಂಟೆಪಾಳ್ಯದ ಸಿಗ್ನಲ್ ಬಿಟ್ಟ ಹಾಗೆ
ಎಲ್ಲಕ್ಕೂ ಅವಸರ.
ಚೌಕ ಬಂದು ಮುಟ್ಟುವ ಹೊತ್ತಿಗೆ ಸರಿಯಾಗಿ
ಆ ಬಣ್ಣದ ತಂತಿ ಮೀಟಬೇಕು. ಇಷ್ಟೇ ಆಟ.

ಬಣ್ಣ ನನಗೆ ಹೊಸದಲ್ಲ.
ಮತ್ತಿಕೆರೆಯ ಲ್ಯಾಬಿನಲ್ಲಿ ಹದಿಮೂರು ವರ್ಷ ರಕ್ತ ತೆಗೆದಿದ್ದೇನೆ,
ಮುಚ್ಚಳದ ಬಣ್ಣ ಕಂಡರೆ ಕೈ ತಾನೇ ಹೋಗುತ್ತದೆ.
ನೇರಳೆ, ಕಣಗಳ ಎಣಿಕೆಗೆ. ನೀಲಿ, ಹೆಪ್ಪುಗಟ್ಟುವ ಹೊತ್ತಿಗೆ.
ಹಳದಿ ಥೈರಾಯ್ಡಿನವರಿಗೆ, ಹಸಿರು ಅಪರೂಪ,
ಕೆಂಪು, ಇಲ್ಲಿ ಎಲ್ಲಕ್ಕಿಂತ ದಪ್ಪ ತಂತಿ.
ಆದರೆ ಕಿತ್ತಳೆ ಮುಚ್ಚಳ ನಮ್ಮಲ್ಲಿಲ್ಲ.
ಕಿತ್ತಳೆ ಚೌಕ ಬಂದಾಗಲೆಲ್ಲ
ಕೈ ಗಾಳಿಯಲ್ಲೇ ನಿಂತು
ಸ್ಟ್ಯಾಂಡಿನಲ್ಲಿ ಇಲ್ಲದ ಟ್ಯೂಬು ಹುಡುಕುತ್ತದೆ.
ತಪ್ಪಿತು, ಎನ್ನುತ್ತದೆ ಪರದೆ. ತಪ್ಪಿತು. ತಪ್ಪಿತು.

ಬೈಯುವುದಿಲ್ಲ ಮಾತ್ರ. ಅದೊಂದು ಗುಣ.
ಹೆಚ್ಚು ತಪ್ಪಿದರೆ ಸದ್ದಿಲ್ಲದೆ ಚೌಕ ಕಡಿಮೆ ಮಾಡುತ್ತದೆ,
ಮಗು ಬಾಯಿ ಬಿಡಲಿಲ್ಲವೆಂದು
ಅಮ್ಮ ತುತ್ತು ಚಿಕ್ಕದು ಮಾಡಿದ ಹಾಗೆ.
ನುಂಗಿದೆನೋ, ಮುಂದಿನದು ದೊಡ್ಡದು.

ಕೆಳಗಿನ ಮನೆಯ ಫಿಲೋಮಿನಾ ಆಂಟಿ
ಮೊದಲೆರಡು ವಾರ ಪೊರಕೆ ಹಿಡಿಯಿಂದ ಸೂರು ಕುಟ್ಟಿದರು.
ಈಗಲೂ ಕುಟ್ಟುತ್ತಾರೆ.
ನಾನದನ್ನು ತಾಳವೆಂದು ತೆಗೆದುಕೊಂಡಿದ್ದೇನೆ.

ಮೂರನೇ ತಿಂಗಳಿಗೆ ಎಡಗೈ ಬೆರಳ ತುದಿಗಳು
ಸುಲಿದು, ಒಣಗಿ, ಮತ್ತೆ ಸುಲಿದು
ಹುರಿಗಡಲೆ ಆದವು.
ತುಟಿಗೆ ಒತ್ತಿ ಒತ್ತಿ ನೋಡಿಕೊಂಡೆ, ಹೆಮ್ಮೆಯಿಂದ.
ಹೆಮ್ಮೆ ಇದ್ದದ್ದು ಮಂಗಳವಾರದವರೆಗೆ.

ಅವತ್ತು ಬೆಳಿಗ್ಗೆ ಏಳಕ್ಕೆ ಖಾಲಿ ಹೊಟ್ಟೆಯಲ್ಲಿ ಬಂದವರು
ಬೋರಲಿಂಗಯ್ಯ, ಹಿಂದೆ ಬಸ್ ಡ್ರೈವರಂತೆ.
ತೋಳಿಗೆ ಪಟ್ಟಿ ಬಿಗಿದು, ಮುಷ್ಟಿ ಹಿಡೀರಿ ಅಂದು
ಎಡ ತೋರುಬೆರಳಿಂದ ನರ ತಡವಿದೆ.
ನರವನ್ನು ಕಣ್ಣಲ್ಲಿ ಹುಡುಕುವುದಿಲ್ಲ ನಾವು;
ಒತ್ತಿದರೆ ಒಳಗಿಂದ ಮೆಲ್ಲಗೆ ಪುಟಿಯುತ್ತದೆ, ಅದೇ ಗುರುತು.
ಏನೂ ಪುಟಿಯಲಿಲ್ಲ.
ಅಂದಾಜಿನ ಮೇಲೆ ಚುಚ್ಚಿದೆ.

ತಪ್ಪಿತು.

ಹದಿಮೂರು ವರ್ಷದಲ್ಲಿ ಎಷ್ಟೋ ಸಲ ತಪ್ಪಿದ್ದೇನೆ, ಸುಳ್ಳೇಕೆ.
ಬೆರಳೇ ಕಿವುಡಾಗಿ ತಪ್ಪಿದ್ದು ಅದೇ ಮೊದಲು.
‘ಇರ್ಲಿ ಬಿಡವ್ವ, ಇನ್ನೊಂದ್ ಕೈ ಐತಲ್ಲ’
ಅಂದರು, ಅದನ್ನೂ ಚಾಚಿ.

ತೋರು, ನಡು, ಉಂಗುರ, ಮೂರೂ ಹುರಿಗಡಲೆ.
ಉಳಿದಿದ್ದು ಕಿರುಬೆರಳು.
ತಂತಿ ಒತ್ತಲು ಬಲ ಸಾಲದೆಂದು
ಇಷ್ಟು ದಿನ ಸುಮ್ಮನೆ ಕೂರಿಸಿದ್ದೆ.
ಅದನ್ನೇ ಅವರ ಮೊಣಕೈಯ ಮಡಿಕೆಯಲ್ಲಿಟ್ಟೆ.
ಅಲ್ಲಿತ್ತು. ಸ್ವಲ್ಪ ಓರೆಯಾಗಿ.
ನೇರಳೆ ತುಂಬಿತು, ಹಳದಿ ತುಂಬಿತು.

ಈಗ ಏಳನೇ ಪಾಠ.
ಕಿತ್ತಳೆಯೂ ಸುಮಾರಾಗಿ ಕೈಗೆ ಹತ್ತಿದೆ.
ಕಲಿತಷ್ಟೂ ಚೌಕಗಳು ಒಂದೊಂದೇ ಮಾಯವಾಗುತ್ತವೆ,
ನಿನಗೇ ಗೊತ್ತಲ್ಲ, ಇನ್ನೇನು ತೋರಿಸಲಿ ಎಂಬಂತೆ.
ಒಂದು ಮಾತ್ರ ಹಟ ಹಿಡಿದು ಬರುತ್ತಲೇ ಇದೆ,
ಕಿರುಬೆರಳು ಚಾಚಿದರಷ್ಟೇ ಎಟುಕುವ ದೂರದ ಮೆಟ್ಟು.
ಬರುತ್ತದೆ, ಹತ್ತಿರ ಬರುತ್ತದೆ,
ಹಾಗೇ ಹಾದುಹೋಗಲು ಬಿಡುತ್ತೇನೆ.
ತಪ್ಪಿತು ಜೋಶುವಾ, ಎನ್ನುತ್ತದೆ.

ಗೊತ್ತು.
ಆ ಬೆರಳಿಗೆ ಬೆಳಿಗ್ಗೆ ಆರೂವರೆಗೆ ಡ್ಯೂಟಿ.